ಏಳದ ದ್ವಾರಕಾನಾಥ

"ಗೇಟಿಗೆ ಅಡ್ಡ ಮಲಗೋಕೆ ಎಂಟು ಜನ ಬೇಕು, ಯಾರ್ ಬರ್ತೀರಿ?" ಎಂದು ಯೂನಿಯನ್ ಕಾರ್ಯದರ್ಶಿ ಶ್ಯಾಮಣ್ಣ ಕೂಗಿದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದವನು ದ್ವಾರಕಾನಾಥ. ಪೀಣ್ಯದ ಆ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಗಿ ಇಪ್ಪತ್ತು ದಿನವಾಗಿತ್ತು. ಒಳಗಿರುವ ಮಾಲನ್ನು ಆಡಳಿತದವರು ಇಂದು ಲಾರಿಯಲ್ಲಿ ಸಾಗಿಸುತ್ತಾರೆಂಬ ಸುದ್ದಿ ಬಂದಿತ್ತು.

"ನೀವಾ?" ಶ್ಯಾಮಣ್ಣ ಹುಬ್ಬೇರಿಸಿದ.

"ಮಲಗೋದ್ರಲ್ಲಿ ನನ್ನಷ್ಟು ಸರ್ವೀಸ್ ಇಲ್ಲಿ ಯಾರಿಗಿದೆ ಹೇಳಿ," ಎಂದ ದ್ವಾರಕಾನಾಥ. ಎಲ್ಲರೂ ನಕ್ಕರು.

ಎಪ್ಪತ್ತೆರಡನೇ ಇಸವಿಯಲ್ಲಿ ಅವನಿಗೊಂದು ಜ್ವರ ಬಂದಿತ್ತು. ಜ್ವರ ಹೋಯಿತು, ಜೊತೆಗೆ ಬಂದ ಸುಸ್ತು ಒಂಬತ್ತು ವರ್ಷವಾದರೂ ಹೋಗಲಿಲ್ಲ. ರಕ್ತ, ಎಕ್ಸ್‌ರೇ ಎಲ್ಲ ಸರಿಯಾಗಿದೆ ಎಂದು ಡಾಕ್ಟರುಗಳು ಟಾನಿಕ್ ಬರೆದುಕೊಟ್ಟರು. ಅವನು ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುವುದನ್ನು ಕಲಿತ. ತರಕಾರಿ ತಂದ ದಿನ ಗಡ್ಡ ಹೆರೆದುಕೊಳ್ಳುತ್ತಿರಲಿಲ್ಲ. ಭಾನುವಾರವಿಡೀ ಮಲಗಿದರೆ ಸೋಮವಾರ ಕೆಲಸಕ್ಕೆ ಹೋಗುವಷ್ಟು ಜೀವ ಬರುತ್ತಿತ್ತು. ಕಾರ್ಖಾನೆಯಲ್ಲಿ ಮಾತ್ರ ಅವನು 'ಸೋಮಾರಿ ದ್ವಾರ್ಕಿ'ಯಾದ. ಎಷ್ಟೋ ಸಲ ಅವನಿಗೂ ಅದು ನಿಜವೇ ಇರಬೇಕೆನಿಸುತ್ತಿತ್ತು.

ಅಂದು ಬಾಗಲಗುಂಟೆಯಿಂದ ಮೆರವಣಿಗೆಯಲ್ಲಿ ನಡೆದೇ ಬಂದಿದ್ದ. ಎರಡು ದಿನಕ್ಕಾಗುವ ಶಕ್ತಿ ದಾರಿಯಲ್ಲೇ ಮುಗಿದಿತ್ತು. ಗೇಟಿನ ಮುಂದೆ ಟವೆಲ್ ಹಾಸಿ ಮಲಗಿದವನಿಗೆ ಹೋರಾಟ ಇಷ್ಟು ಹಿತವಾಗಿರುತ್ತದೆಂದು ಗೊತ್ತೇ ಇರಲಿಲ್ಲ. ನಿದ್ದೆ ಹತ್ತಿತು.

ಎಚ್ಚರವಾದಾಗ ಲಾರಿ ಹಾರ್ನ್ ಹೊಡೆಯುತ್ತಾ ಬರುತ್ತಿತ್ತು. ನಿಲ್ಲುವ ಲಕ್ಷಣವಿರಲಿಲ್ಲ. "ಏಳ್ರೋ!" ಎಂದು ಯಾರೋ ಕಿರುಚಿದರು. ಪಕ್ಕದ ಏಳೂ ಜನ ಎದ್ದು ಓಡಿದರು. ದ್ವಾರಕಾನಾಥನೂ ಕೈ ಊರಿದ, ಮೊಣಕೈ ಕುಸಿಯಿತು. ಮತ್ತೆ ಊರಿದ. ಕಾಲುಗಳು ಬೇರೆ ಯಾರದೋ ಎಂಬಂತೆ ಬಿದ್ದಿದ್ದವು. ಕೂಗಲು ದನಿಯೂ ಇರಲಿಲ್ಲ. ಅವನು ಕಣ್ಣು ಮುಚ್ಚಿದ.

ತಲೆಗೆ ಒಂದು ಮೊಳ ದೂರದಲ್ಲಿ ಬ್ರೇಕ್ ಚೀರಿತು. ಡ್ರೈವರ್ ಬೆವರುತ್ತಾ ಕೆಳಗಿಳಿದು ನೋಡಿದ, ಮತ್ತೆ ಹತ್ತಿ ಲಾರಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದ.

ಜಯಕಾರ ಮುಗಿಲು ಮುಟ್ಟಿತು. ಅವನನ್ನು ಎತ್ತಿ ನಿಲ್ಲಿಸಿ ಹಾರ ಹಾಕಿದರು. "ಒಂದಿಂಚು ಕದಲಲಿಲ್ಲವಲ್ರೀ! ಎಂಥಾ ಗಂಡೆದೆ!" ಎಂದ ಶ್ಯಾಮಣ್ಣ.

"ಅಯ್ಯೋ, ಏಳೋಕಾಗ್ಲಿಲ್ಲ ಕಣ್ರೀ. ಆಗಿದ್ರೆ ನಾನೇ ಎಲ್ರಿಗಿಂತ ಮುಂದೆ ಓಡ್ತಿದ್ದೆ."

"ನೋಡ್ರಪ್ಪಾ, ಎಷ್ಟು ವಿನಯ!" ಎಂದು ಶ್ಯಾಮಣ್ಣ ಮತ್ತೊಂದು ಹಾರ ಹಾಕಿದ.

ಆಟೋದಲ್ಲಿ ತಂದು ಮನೆಯ ಮಂಚದ ಮೇಲೆ ಮಲಗಿಸಿ, ನಡೆದದ್ದನ್ನೆಲ್ಲ ಹೆಂಡತಿ ಸೀತಾಲಕ್ಷ್ಮಿಗೆ ಬಣ್ಣಿಸಿ ಎಲ್ಲರೂ ಹೋದರು. ಅವಳು ಬಾಗಿಲು ಮುಂದೆ ಮಾಡಿ ಬಂದು ಪಕ್ಕದಲ್ಲಿ ಕೂತಳು.

"ಏಳೋಕಾಗ್ಲಿಲ್ಲ, ಅಲ್ವಾ?"

ಅವನ ಕಣ್ಣು ತುಂಬಿತು. "ಒಂಬತ್ತು ವರ್ಷದಿಂದ ಯಾರೂ ನಂಬ್ಲಿಲ್ಲ. ಇವತ್ತೂ ನಂಬ್ಲಿಲ್ಲ ಕಣೇ," ಎಂದು ನಗಲು ನೋಡಿದ. "ಈ ಹಾರ ಸ್ವಲ್ಪ ತೆಗಿ. ಭಾರ ತಡೆಯೋಕಾಗ್ತಿಲ್ಲ."