ಕಪಾಟಿನ ಮನೆ

ಮೋಡಗುಡ್ಡದಲ್ಲಿ ನೆಲವೆಲ್ಲ ರೆಸಾರ್ಟುಗಳ ಪಾಲಾದ ಮೇಲೆ, ಊರಿನ ಟ್ರಸ್ಟಿನವರು ದುಡಿಯುವವರಿಗಾಗಿ ಹಳೆಯ ಲೈಬ್ರರಿಯ ಕಪಾಟುಗಳಲ್ಲೇ ಮನೆ ಕಟ್ಟಿಸಿದರು. ಲೈಬ್ರರಿಯ ಬಾಗಿಲ ಪಕ್ಕದ ಗೂಡಿನಲ್ಲಿ ನಿಂತರೆ ಮನುಷ್ಯ ಹೆಬ್ಬೆರಳಿನಷ್ಟಾಗುತ್ತಿದ್ದ. ಕೆಲಸಕ್ಕೆ ಹೊರಡುವಾಗ ಅದೇ ಗೂಡು ಅವನನ್ನು ಮೊದಲಿನಂತೆ ಮಾಡುತ್ತಿತ್ತು. ಆಸ್ಪತ್ರೆಯ ಸ್ಟೋರ್ ರೂಮಿನಲ್ಲಿ ವರ್ಷಗಟ್ಟಲೆ ಮಲಗಿದ್ದ ನರ್ಸ್ ಫಿಲೋಮಿನಾಗೆ, ವಿಶ್ವಕೋಶಗಳನ್ನು ತೆರವು ಮಾಡಿದ ಹಲಗೆಯ ಮೇಲೆ ಮೂರು ಕೋಣೆಯ ಮನೆ ಸಿಕ್ಕಿತು. ಮೊದಲ ದಿನ ಅವಳು ಸುಮ್ಮನೆ ಕೋಣೆಯಿಂದ ಕೋಣೆಗೆ ಓಡಾಡಿದಳು.

ಒಂದು ಭಾನುವಾರ ಟ್ರಸ್ಟಿನ ದೊಡ್ಡ ದಾನಿ ಜಯತೀರ್ಥರಾಯರು ತಾವೂ ಚಿಕ್ಕವರಾಗಿ ಅವಳ ಮನೆಗೆ ಕಾಫಿಗೆ ಬಂದರು. ಗುಡ್ಡದ ನೆತ್ತಿಯಲ್ಲಿ ಅವರದೊಂದು ಬಂಗಲೆ ವರ್ಷವಿಡೀ ಖಾಲಿ ಬಿದ್ದಿರುತ್ತಿತ್ತು.

“ಎಷ್ಟು ನೆಮ್ಮದಿಯಾಗಿದೆಯಮ್ಮ. ರಜೆಗೆ ಬಂದಿರೋಕೆ ನನಗೂ ಇಂಥದೊಂದು ಸಿಗುತ್ತಾ?”

ಫಿಲೋಮಿನಾ ಕಾಫಿ ಲೋಟ ಅವರ ಮುಂದಿಟ್ಟಳು.

“ಇದು ಊರಲ್ಲಿ ಕೆಲಸ ಮಾಡೋರಿಗೆ ಮಾತ್ರ ಸಾರ್,” ಎಂದಳು ಮೆಲ್ಲಗೆ. “ಆಸ್ಪತ್ರೇಲಿ ರಾತ್ರಿ ಪಾಳಿಗೆ ಜನ ಸಾಲದು. ಬರ್ತೀರಾ?”

ಮಾತು ಚುಚ್ಚಿತೇನೋ ಎಂದು ಅವಳಿಗೇ ಅಳುಕಾಯಿತು. ರಾಯರು ಮಾತ್ರ ಗಂಭೀರವಾಗಿ ತಲೆದೂಗಿದರು. “ಒಳ್ಳೇ ದಾರಿ ತೋರಿಸಿದ್ರಿ.”

ಮಳೆಗಾಲ ಮುಗಿಯುವಷ್ಟರಲ್ಲಿ ಆಸ್ಪತ್ರೆಗೆ ಇಪ್ಪತ್ತು ಮಂದಿ ಗೌರವ ನರ್ಸುಗಳು ನೇಮಕವಾದರು, ಎಲ್ಲರೂ ದಾನಿಗಳೇ. ಕಪಾಟಿನಲ್ಲಿ ಉಳಿದಿದ್ದ ಮನೆಗಳೆಲ್ಲ ಅವರಿಗೆ ಹಂಚಿಕೆಯಾಗಿ, ಒಂದೊಂದಕ್ಕೂ ಬೀಗ ಬಿತ್ತು. ರಾತ್ರಿ ಪಾಳಿಗೆ ಹೋಗುತ್ತಿದ್ದವಳು ಮಾತ್ರ ಫಿಲೋಮಿನಾ ಒಬ್ಬಳೇ. ಹೊಸ ಸಹೋದ್ಯೋಗಿಗಳ ಬಾಲ್ಕನಿಯ ಗಿಡಗಳಿಗೆ ನೀರು ಹಾಕುವ ಕೆಲಸವೂ ಅವಳ ಪಾಲಿಗೇ ಬಂತು.