ಎರಡು ಮೀಟರ್ ಎಂಬತ್ತು

"ನಿಲ್ಸು ಮಾರಾಯಾ, ನಿಲ್ಸು!" ಎಂದು ಕೂಗುತ್ತ ಪದ್ಮಯ್ಯ ರಸ್ತೆಯ ನಡುವೆ ಕೊಡೆ ಅಡ್ಡ ಹಿಡಿದು ನಿಂತ. ಗೇರುಬೀಜದ ಕಾರ್ಖಾನೆ ಬಿಟ್ಟ ಹನ್ನೊಂದು ಹೆಂಗಸರನ್ನು ತುಂಬಿಸಿಕೊಂಡು ಬರುತ್ತಿದ್ದ ಹನಾನನ ಜೀಪು, ಹೊಳೆಗೆ ಇಳಿಯುವ ತಿರುವಿನಲ್ಲಿ, ಅವನ ಮೊಣಕಾಲಿನಿಂದ ಗೇಣು ದೂರದಲ್ಲಿ ನಿಂತಿತು.

"ಹೊಳೆ ತುಂಬಿ ಬರ್ತಾ ಉಂಟು. ಸೇತುವೆಯ ಹೊಟ್ಟೆಗೆ ನೀರು ತಾಗಿ ಆಯ್ತು. ಹಿಂದೆ ತಿರುಗಿಸು, ದೊಡ್ಡ ಸೇತುವೆಯಲ್ಲಿ ಹೋಗು."

ಹನಾನ್ ಮೊಬೈಲನ್ನು ಕಿಟಕಿಯ ಹೊರಗೆ ಹಿಡಿದ. "ನೋಡಿ ಪದ್ಮಯ್ಯಣ್ಣ, ಎರಡು ಮೀಟರ್ ಎಂಬತ್ತು. ಸೇತುವೆ ಮುಳುಗುದು ನಾಲ್ಕೂವರೆ ಮೀಟರಿಗೆ. ದೊಡ್ಡ ಸೇತುವೆ ಅಂದ್ರೆ ಇಪ್ಪತ್ತು ಕಿಲೋಮೀಟರ್ ಸುತ್ತು."

"ನಾನು ಈಗ ಕಣ್ಣಾರೆ ನೋಡಿ ಬಂದದ್ದು ಮಾರಾಯ."

"ಕಣ್ಣು ಮೋಸ ಮಾಡ್ತದೆ, ಪೆಟ್ಟಿಗೆ ಮಾಡುದಿಲ್ಲ ಅಂತ ಗ್ರಾಮಸಭೆಯಲ್ಲಿ ಮೈಕ್ ಹಿಡಿದು ಹೇಳಿದ್ದು ಯಾರು? ನೀವೇ ಅಲ್ವಾ?"

ಹೇಳಿದ್ದು ಅವನೇ. ಎರಡು ವರ್ಷದ ಹಿಂದೆ ಹೊಳೆಯ ಮೇಲೆ ಕೈಚಾಚಿದ ಕಬ್ಬಿಣದ ಕಂಬಕ್ಕೆ ಆ ಪೆಟ್ಟಿಗೆಯನ್ನು ತೂಗುಹಾಕಿದಾಗ, ಅದನ್ನು ನೋಡಿಕೊಳ್ಳುವ ಕೆಲಸ ಪದ್ಮಯ್ಯನ ಪಾಲಿಗೆ ಬಂದಿತ್ತು. ಅದು ನೀರಿನ ಮೇಲೆ ತರಂಗ ಬಿಡುತ್ತದೆ, ತಾಗಿ ಬಂದದ್ದನ್ನು ಅಳೆದು ಕಾಲು ಗಂಟೆಗೊಮ್ಮೆ ನೀರಿನ ಮಟ್ಟವನ್ನು ಪುತ್ತೂರಿನ ಆಫೀಸಿಗೂ ಊರಿನವರ ಮೊಬೈಲಿಗೂ ಕಳಿಸುತ್ತದೆ. ಅಲ್ಲಿಯವರೆಗೆ ಹೊಳೆಯ ಬಗ್ಗೆ ಊರಿನಲ್ಲಿ ತಲೆಗೊಂದು ಮಾತಿತ್ತು. ಪದ್ಮಯ್ಯ ಅದನ್ನೆಲ್ಲ ಬಿಡಿಸಿ ಒಂದೇ ಮಾತಿಗೆ, ಪೆಟ್ಟಿಗೆಯ ಮಾತಿಗೆ, ತಂದ. ಕಂಬದ ಬುಡದಲ್ಲಿ 'ಯಾರೂ ಮುಟ್ಟಬಾರದು' ಎಂದು ಕೆಂಪು ಅಕ್ಷರದ ಬೋರ್ಡು ಬರೆಸಿದ. ದನ ಆ ಕಂಬಕ್ಕೆ ಮೈ ಉಜ್ಜಿದರೂ ಅದರ ಯಜಮಾನನಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಅವನು ತನ್ನ ಮೊಬೈಲನ್ನೂ ತೆಗೆದು ನೋಡಿದ. ಐದು ಗಂಟೆಗೆ ಎರಡು ಎಂಬತ್ತು. ನಾಲ್ಕಕ್ಕೆ ಎರಡು ಎಂಬತ್ತು. ಬೆರಳಿನಿಂದ ಜಾರಿಸುತ್ತ ಬೆಳಗಿನ ಹನ್ನೊಂದಕ್ಕೆ ಹೋದ. ಅಲ್ಲಿಯೂ ಅದೇ.

ಹನ್ನೊಂದಕ್ಕೆ ಅವನು ತೋಟದಲ್ಲಿ ಅಡಿಕೆ ಗೊನೆಗಳು ಕೊಳೆಯದಂತೆ ಪ್ಲಾಸ್ಟಿಕ್ ಚೀಲದ ಕೊಟ್ಟೆ ಕಟ್ಟಿಸಿ ಮುಗಿಸಿದ್ದ. ಒಂದು ಕೊಟ್ಟೆ ಉಳಿದಿತ್ತು. ಹೊಳೆಯ ಕಡೆ ನೋಡಿದರೆ ಪೆಟ್ಟಿಗೆ ಪಾಪ, ಸುರಿವ ಮಳೆಯಲ್ಲಿ ಒಂದೇ ಸಮನೆ ನೆನೆಯುತ್ತಿತ್ತು. ಏಣಿ ತಂದು ಹತ್ತಿ, ಕೊಟ್ಟೆಯನ್ನು ಕೆಳಗಿನಿಂದ ಏರಿಸಿ, ಗೊನೆಗೆ ಕಟ್ಟಿದಷ್ಟೇ ಚಂದದಲ್ಲಿ ಗಂಟು ಹಾಕಿ ಬಂದಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಪೆಟ್ಟಿಗೆ ಕೂರಿಸಲು ಬಂದಿದ್ದ ಇಂಜಿನಿಯರ್ ಭವಿತಾ ಅಂದೇ ಹೇಳಿದ್ದಳು: "ಇದರ ಕೆಳಗೆ ಏನಾದ್ರೂ ಅಡ್ಡ ಬಂದ್ರೆ ಹೊಸ ಲೆಕ್ಕ ಸಿಗುದಿಲ್ಲ ಅಣ್ಣ. ಹಳೆಯದ್ದನ್ನೇ ತೋರಿಸ್ತಾ ಕೂತಿರ್ತದೆ."

ಹನಾನ್ ಗೇರ್ ಹಾಕಿದ. "ದಾರಿ ಬಿಡಿ ಪದ್ಮಯ್ಯಣ್ಣ. ಇವರಿಗೆಲ್ಲ ಮನೆಯಲ್ಲಿ ಕೆಲಸ ಉಂಟು."

"ಪೆಟ್ಟಿಗೆ ಹಾಳಾಗಿದೆ," ಎಂದ ಪದ್ಮಯ್ಯ, ನೆಲ ನೋಡುತ್ತ.

"ಹಾಳಾದ್ರೆ ಪುತ್ತೂರಿನಿಂದ ಫೋನ್ ಬರ್ತಿತ್ತು. ಅದೂ ನೀವೇ ಹೇಳಿದ್ದು." ಜೀಪು ಒಂದು ಮಾರು ಮುಂದೆ ಸರಿಯಿತು.

ಪದ್ಮಯ್ಯನಿಗೆ ಊರು ಕೊಟ್ಟಿದ್ದ ಮರ್ಯಾದೆ ಅಂದರೆ ಆ ಪೆಟ್ಟಿಗೆಯದ್ದೊಂದೇ. ಅದನ್ನು ಈ ಹನ್ನೊಂದು ಬಾಯಿಗಳ ಮುಂದೆ ಚೆಲ್ಲಿದರೆ ರಾತ್ರಿಯೊಳಗೆ ಊರಿಡೀ ಹರಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೊಡೆ ಬಿಸಾಡಿ ಎರಡೂ ಕೈಗಳನ್ನು ಬಾನೆಟ್ಟಿನ ಮೇಲೆ ಇಟ್ಟ.

"ನಾನು ಅದಕ್ಕೆ ಕೊಟ್ಟೆ ಕಟ್ಟಿದ್ದೇನೆ! ಅಡಿಕೆಯ ಕೊಟ್ಟೆ! ಬೆಳಗ್ಗೆಯಿಂದ ಅದಕ್ಕೆ ಹೊಳೆಯೇ ಕಾಣುದಿಲ್ಲ!"

ಹನಾನ್ ಎಂಜಿನ್ ಆಫ್ ಮಾಡಿದ. ಆಗಲೇ ಎಲ್ಲರಿಗೂ ತಿರುವಿನ ಕೆಳಗಿನಿಂದ ಹೊಳೆಯ ಸದ್ದು ಕೇಳಿಸಿತು. ಮುಂದಿನ ಸೀಟಿನಲ್ಲಿದ್ದ ಅಲೀಮಮ್ಮ ಕತ್ತು ಹೊರಹಾಕಿದಳು. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಳಬಳು, ನಾಲಗೆಯೂ ಅಷ್ಟೇ ಪಳಗಿದ್ದು.

"ಎಂತದಕ್ಕೆ ಕಟ್ಟಿದ್ದು?"

"ಮಳೆಗೆ ಒದ್ದೆ ಆಗ್ತಾ ಇತ್ತು."

ಪದ್ಮಯ್ಯ ಕೆಳಗೆ ಓಡಿ, ಬೆಳಗ್ಗೆ ಕಂಬಕ್ಕೆ ಒರಗಿಸಿಯೇ ಬಿಟ್ಟಿದ್ದ ಏಣಿ ಹತ್ತಿದ. ಗಂಟು ಬಿಚ್ಚಲು ತಾಳ್ಮೆ ಇರಲಿಲ್ಲ, ಕತ್ತಿಯಿಂದ ಕೊಟ್ಟೆಯನ್ನೇ ಸೀಳಿದ. ತಳದಲ್ಲಿ ನಿಂತಿದ್ದ ಎರಡು ಚೊಂಬು ನೀರು ಹೊಳೆಗೆ ಬಿತ್ತು. ಅವನು ಇಳಿದು ತಿರುವಿಗೆ ಮರಳಿ ಸ್ವಲ್ಪ ಹೊತ್ತಿಗೆ ಜೀಪಿನೊಳಗಿನ ಮೊಬೈಲುಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಕೆಂಪು ಅಕ್ಷರ. ನಾಲ್ಕು ಎಪ್ಪತ್ತು.

ಹೆಂಗಸರು ಇಳಿದು ತಿರುವಿನ ಅಂಚಿಗೆ ಹೋಗಿ ನೋಡಿದರು. ಸೇತುವೆ ಇದ್ದಲ್ಲಿ ಕೆಂಪು ನೀರು ಹರಿಯುತ್ತಿತ್ತು. ನಡುವೆ ಅಲ್ಲಲ್ಲಿ ಅಂಚುಗಲ್ಲಿನ ತಲೆ ಕಾಣುತ್ತಿತ್ತು, ಅಷ್ಟೆ. ಯಾರೋ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪದ್ಮಯ್ಯನಿಗೆ ಅಳು ಬಂತು. ಮಳೆ ಇತ್ತು, ಯಾರಿಗೂ ತಿಳಿಯಲಿಲ್ಲ.

ಎಲ್ಲರೂ ಹತ್ತಿದ ಮೇಲೆ ಹನಾನ್ ಜೀಪು ತಿರುಗಿಸಿದ. ಇಪ್ಪತ್ತು ಮಾರು ಹೋಗಿರಬಹುದು, ಅಲೀಮಮ್ಮನ ತಲೆ ಹೊರಗೆ ಬಂತು.

"ಕೊಟ್ಟೆ ಪದ್ಮಯ್ಯಣ್ಣಾ! ನಾವು ಹೋಗಿ ಬರ್ತೇವೆ!"

ಜೀಪಿಡೀ ನಗೆ ಎದ್ದಿತು. ಇನ್ನು ಸಾಯುವವರೆಗೆ ತನಗೆ ಇದೇ ಹೆಸರು, ಮೊಮ್ಮಕ್ಕಳಿಗೂ ಇದೇ ಮನೆತನದ ಹೆಸರು ಎಂದು ಪದ್ಮಯ್ಯನಿಗೆ ಅಲ್ಲೇ ಗೊತ್ತಾಯಿತು. ಕಿವಿಗೊಟ್ಟು ಕೇಳಿದ. ಹನ್ನೊಂದು ಮಂದಿಯೂ ನಗುತ್ತಿದ್ದರು, ಒಬ್ಬಳೂ ಕಡಿಮೆಯಿರಲಿಲ್ಲ.

"ಓ!" ಎಂದು ಗಟ್ಟಿಯಾಗಿ ಓಗೊಟ್ಟ.