ಹಿಂದಿನ ಸೀಟು

ಚೈನಿಗೆ ಹಾಕುವ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ದಿಲ್‌ಸುಖ್‌ನಗರದ ಆ ಮಧ್ಯಾಹ್ನ ನೆನಪಾಗುತ್ತದೆ.

ಹಳೆಯ ಸ್ಪೋರ್ಟ್ಸ್ ಬೈಕೊಂದನ್ನು ನೋಡಲು ಅಪ್ಪ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹೋಗಿದ್ದ. ಮಾರುವವನು ಮಾತು ಶುರುಮಾಡುವ ಮೊದಲೇ ಅಪ್ಪ ಎಂಜಿನ್ ಮೇಲೆ ಅಂಗೈ ಇಟ್ಟ.

"ತಣ್ಣಗ ಐತಿ. ಮೊದ್ಲ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ರ, ಏನೋ ಮುಚ್ಚಿಡಾಕತ್ತಾರಂತ ತಿಳ್ಕೋಬೇಕು," ಎಂದು ನನಗೆ ಹೇಳಿಕೊಟ್ಟ. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಚೈನನ್ನು ಬೆರಳಿನಿಂದ ಎತ್ತಿ ನೋಡಿದ. ಬಿದ್ದ ಗಾಡಿಯೋ ಏನೋ ಎಂದು ಬ್ರೇಕ್ ಹಿಡಿಯ ತುದಿಯನ್ನು ಸವರಿದ. ಎಲ್ಲೂ ಗೀರಿರಲಿಲ್ಲ. ಅಪ್ಪ ಅಷ್ಟು ಖುಷಿಯಾಗಿದ್ದುದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ.

ಅವ್ವ ನೆರಿಗೆ ಎತ್ತಿ ಹಿಡಿದು ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಕುಳಿತಳು. ಅಂಗೈಯಗಲದ ಸೀಟು, ಎತ್ತರ ಬೇರೆ. ಹಿಡಿದುಕೊಳ್ಳಲು ಏನೂ ಇರಲಿಲ್ಲ.

"ಹೆಂಗೈತಿ?" ಎಂದು ಅಪ್ಪ ಚೈನನ್ನೇ ನೋಡುತ್ತಾ ಕೇಳಿದ.

ಅವ್ವ ಮೆಲ್ಲಗೆ ಕೆಳಗಿಳಿದಳು.

"ಭಾಳ ಚಂದ ಐತ್ರಿ. ತಗೋರಿ."

ದುಡ್ಡು ಎಣಿಸಿ ಕೊಟ್ಟು ಅಪ್ಪ ಬೈಕಿನಲ್ಲಿ ಹೊರಟ. ನಾವಿಬ್ಬರೂ ಬಸ್ಸು ಹತ್ತಿದೆವು. ನಾವು ಇಳಿಯಬೇಕಿದ್ದ ನಾರಾಯಣಗೂಡ ಬರುವ ತನಕ ಅವ್ವ ಕಿಟಕಿಯ ಹೊರಗೆ ನೋಡಲಿಲ್ಲ. ಸೀರೆಯ ಅಂಚಿಗೆ ಹತ್ತಿದ ಚೈನಿನ ಎಣ್ಣೆಯನ್ನು ಉಜ್ಜುತ್ತಲೇ ಇದ್ದಳು.